ಅಂಗಳದ ಕರ್ಣ

ಸಂಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಯವರು ಎಂದಿನಂತೆ ಈ ಬಾರಿಯೂ ನನ್ನಿಂದ ಕಾವ್ಯವಿಚಾರವೊಂದನ್ನು ಅಪೇಕ್ಷಿಸಿದ್ದರು. ಷಟ್ಪದಿಯ ಬಗೆಗೋ ಚಂಪುವಿನ ಬಗೆಗೋ ನಾಲ್ಕು ಪುಟ ಬರೆದುಕೊಟ್ಟಿದ್ದರೆ ಅವರಿಗೂ ತೃಪ್ತಿಯಾಗುತ್ತಿತ್ತು, ನನಗೂ ಸುಲಭವಾಗುತ್ತಿತ್ತು. ಆದರೆ ಈ ವರ್ಷ ನಾನು ಬರೆಯಬೇಕಾಗಿರುವುದು ನಮ್ಮ ಶಾಲೆಯ ಹಿಂದಣ ಅಂಗಳವನ್ನು ಕುರಿತು. ಲಘುಗುರುಗಳನ್ನೆಣಿಸಿ ಕಾಲಕಳೆದ ಕನ್ನಡ ಪಂಡಿತನಿಗೆ ಓಟ, ನೆಗೆತ, ಚೆಂಡಾಟಗಳ ವಿಚಾರದಲ್ಲಿ ಏನು ಅಧಿಕಾರವೆಂದು ವಾಚಕ ಮಹಾಶಯರು ಕೇಳಬಹುದು. ಅಧಿಕಾರವಂತೂ ಇಲ್ಲ. ಆದರೆ ಆ ಅಂಗಳಕ್ಕೆ ನನ್ನಿಂದ ಸಲ್ಲಬೇಕಾದ ಋಣವೊಂದು ಬಹುಕಾಲದಿಂದ ಉಳಿದುಬಂದಿದೆ. ಅದನ್ನು ಬಲ್ಲವರು ಈಗ ಇಬ್ಬರೋ ಮೂವರೋ ಮಾತ್ರ.

ಹಳೆಯ ವಿದ್ಯಾರ್ಥಿಗಳಿಗೆ ಆ ಸ್ಥಳದ ಹಿಂದಿನ ರೂಪ ಚೆನ್ನಾಗಿ ನೆನಪಿರಬೇಕು. ಶಾಲೆಯ ಹಿಂದೆ ಬೇವಿನ ಮರಗಳವರೆಗೂ ಒಂದೇ ಬಯಲು. ಅಲ್ಲಿಯೇ ಕಬಡ್ಡಿ, ಅಲ್ಲಿಯೇ ಖೊಖೊ, ಅಲ್ಲಿಯೇ ಸ್ವಾತಂತ್ರ್ಯೋತ್ಸವದ ಕವಾಯತು. ಊರು ಪಟ್ಟಣವಾಯಿತು. ಒಂದು ಪಕ್ಕದಲ್ಲಿ ರಸ್ತೆ ಅಗಲವಾಯಿತು. ಇನ್ನೊಂದು ಪಕ್ಕದಲ್ಲಿ ವಿದ್ಯಾರ್ಥಿನಿಲಯದ ಅಡುಗೆಮನೆ ಎದ್ದಿತು. ಮಿಕ್ಕ ನೆಲದ ಮೇಲೆ ಕಣ್ಣಿಟ್ಟವನು ನಾನು. ಶಾಲೆಗೆ ಸ್ವತಂತ್ರವಾದ ಗ್ರಂಥಾಲಯ ಭವನವೊಂದು ಬೇಕೆಂದು ಆಡಳಿತ ಮಂಡಳಿಯ ಮುಂದೆ ಏಳು ವರ್ಷಗಳ ಕಾಲ ಅರಿಕೆ ಮಾಡಿಕೊಂಡೆ. ದಾನಿಗಳ ಮನೆಬಾಗಿಲಿಗೆ ಹೋದೆ. ಶ್ರೀಗಳವರ ಸನ್ನಿಧಿಯಲ್ಲಿ, “ಬುದ್ಧಿ, ಆಟಕ್ಕೆ ಊರ ಹೊರಗೆ ಎಲ್ಲಿಯಾದರೂ ಸ್ಥಳ ಸಿಕ್ಕೀತು, ಓಲೆಗರಿಗಳನ್ನು ಊರ ಹೊರಗೆ ಇಡಲಾದೀತೆ?” ಎಂದು ವಾದಿಸಿದೆ. ಆ ಮಾತನ್ನು ಬಹಳ ಜಾಣತನದ್ದೆಂದು ಅಂದು ಭಾವಿಸಿದ್ದೆ. ೨೦೦೮ರಲ್ಲಿ ಭವನ ಸಿದ್ಧವಾಯಿತು. ಉದ್ಘಾಟನೆಯ ದಿನ ನನಗೆ ಹಾರ ಹಾಕಿ, ಶಾಲು ಹೊದಿಸಿದರು.

ಅಂದು ಸಂಜೆ ಜನವೆಲ್ಲ ಚದುರಿದ ಮೇಲೆ ಹಿಂದಕ್ಕೆ ಹೋಗಿ ನೋಡಿದರೆ ನಮ್ಮ ವ್ಯಾಯಾಮ ಶಿಕ್ಷಕರು ಒಬ್ಬರೇ ಇದ್ದರು. ಗಂಟು ಹಾಕಿದ ಹುರಿಯೊಂದನ್ನು ಹಿಡಿದು ಉಳಿದ ನೆಲವನ್ನು ಅಳೆಯುತ್ತಿದ್ದರು. ನನಗಿಂತ ಹಿರಿಯರು, ಎಂದೂ ಒರಟು ಮಾತನಾಡಿದವರಲ್ಲ. “ಉದ್ದ ೮೦ ಅಡಿ, ಅಗಲ ೬೦ ಅಡಿ, ಪಂಡಿತರೇ. ಮೂರು ಕಡೆ ಗೋಡೆ,” ಎಂದಷ್ಟೇ ಹೇಳಿ ಹುರಿಯನ್ನು ಸುತ್ತಿಕೊಂಡರು. ನನ್ನ ಹೆಗಲ ಮೇಲೆ ಶಾಲು ಇನ್ನೂ ಇತ್ತು.

೨೦೧೦ರ ಜನವರಿಯಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ ಆ ಅಂಗಳದಲ್ಲಿ ಓಟದ ಅಭ್ಯಾಸ ಮಾಡುತ್ತಿದ್ದವನು ವೇಗವನ್ನು ತಡೆದುಕೊಳ್ಳಲಾರದೆ ಗ್ರಂಥಾಲಯದ ಗೋಡೆಗೆ ಬಡಿದು ಮಣಿಕಟ್ಟಿನ ಮೂಳೆ ಮುರಿದುಕೊಂಡ. ನಾನು ಒಳಗೆ ಕುಳಿತು ಪುಸ್ತಕಗಳ ಪಟ್ಟಿ ಬರೆಯುತ್ತಿದ್ದೆ. ಆ ಸದ್ದು ನನಗೆ ಕೇಳಿಸಿತು. ಹುಡುಗನ ತಂದೆ ಮಂಡಿಯಲ್ಲಿ ಮೂಟೆ ಹೊರುವವರು. ಆಸ್ಪತ್ರೆಯ ಮೊಗಸಾಲೆಯಲ್ಲಿ ನಾನು ಏನೇನೋ ಸಮಾಧಾನ ಹೇಳಲು ಹೊರಟಾಗ ಅವರೇ ನನ್ನನ್ನು ಸಮಾಧಾನಪಡಿಸಿದರು: “ಓಡೋ ಹುಡುಗ ಓಡಿದಾನೆ ಮೇಷ್ಟ್ರೇ, ತಪ್ಪೇನಿಲ್ಲ. ನಿಂತ್ಕೊಳ್ಳೋಕೆ ಜಾಗ ಇರ್ಲಿಲ್ಲ, ಅಷ್ಟೇ.”

ಇಕ್ಕಟ್ಟಾದ ನೆಲದಲ್ಲಿ ಆಟಕ್ಕೆ ಅನುಕೂಲ ಕಲ್ಪಿಸುವ ವಿದ್ಯೆಯೆಲ್ಲವೂ ಈ ಮಾತಿನಲ್ಲಿದೆಯೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಓಡುವುದಕ್ಕೆ ಬೇಕಾದ ಸ್ಥಳವನ್ನು ಎಲ್ಲರೂ ಎಣಿಸುತ್ತಾರೆ. ನಿಲ್ಲುವುದಕ್ಕೆ, ಬೀಳುವುದಕ್ಕೆ, ಹಿಂದಕ್ಕೆ ಸರಿಯುವುದಕ್ಕೆ ಬೇಕಾದ ಸ್ಥಳವನ್ನು ಎಣಿಸುವವರು ಕಡಮೆ.

ಆ ವಾರ ನಾನು ವ್ಯಾಯಾಮ ಶಿಕ್ಷಕರ ಮನೆಗೆ ಹೋಗಿ ನನ್ನ ತಪ್ಪನ್ನು ಒಪ್ಪಿಕೊಂಡೆ. ಅವರು ಅದನ್ನು ಮುಂದುವರಿಸಗೊಡಲಿಲ್ಲ. “ನಿಮ್ಮೂರಿನಲ್ಲಿ ಗರಡಿಮನೆ ಇತ್ತೇ?” ಎಂದು ಕೇಳಿದರು. ಇತ್ತು. ಬಾಲ್ಯದಲ್ಲಿ ಪಾಠಶಾಲೆಗೆ ಸೇರುವ ಮುನ್ನ ಒಂದೆರಡು ವರ್ಷ ನಸುಕಿನಲ್ಲೆದ್ದು ನಾನೂ ಅಲ್ಲಿಗೆ ಹೋಗುತ್ತಿದ್ದೆ. ಎರಡಂಕಣದ ಸಣ್ಣ ಮನೆ. ದೊಡ್ಡವರು ಸೊಂಟ ಬಗ್ಗಿಸಿಯೇ ಒಳಹೋಗಬೇಕಾದಷ್ಟು ತಗ್ಗಾದ ಬಾಗಿಲು. ಒಳಗೆ ಎಣ್ಣೆ, ಅರಿಶಿನ, ಮಜ್ಜಿಗೆಗಳನ್ನು ಬೆರೆಸಿ ಹದಮಾಡಿದ ಕೆಮ್ಮಣ್ಣಿನ ಮಟ್ಟಿ. ಬಾಗಿಲು ತಗ್ಗಾಗಿರುವುದು ವಿನಯವನ್ನು ಕಲಿಸುವುದಕ್ಕೆಂದು ನಮ್ಮ ಉಸ್ತಾದರು ಹೇಳುತ್ತಿದ್ದರು. ವಿನಯದ ಮಾತು ನಿಜವೇ ಇರಬಹುದು. ಆದರೆ ಗಾಳಿ ಬಿಸಿಲುಗಳು ನೇರವಾಗಿ ಒಳನುಗ್ಗದೆ ಮಟ್ಟಿಯ ತೇವ ಉಳಿಯುವುದೂ ಆ ಬಾಗಿಲಿನಿಂದಲೇ. ಅಷ್ಟು ಕಿರಿದಾದ ಕೋಣೆಯಲ್ಲಿ ದಿನವೂ ಹತ್ತಾರು ಜನ ಒಬ್ಬರನ್ನೊಬ್ಬರು ಎತ್ತಿ ಕೆಡಹುತ್ತಿದ್ದರೂ ಮೂಳೆ ಮುರಿದ ಪ್ರಸಂಗವನ್ನು ನಾನು ಕಂಡಿಲ್ಲ. ಬೀಳುವ ಸ್ಥಳವನ್ನು ಮೊದಲು ಸಿದ್ಧಮಾಡಿ ಆಮೇಲೆ ಮನೆ ಕಟ್ಟಿದವರ ವಿವೇಕ ಅದು.

ಈ ವಿದ್ಯೆ ಕನ್ನಡನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಪ್ರಕರಣವಿದೆ. ಮಲ್ಲರು ಮಾಡಬೇಕಾದ ನಾನಾ ಬಗೆಯ ಸಾಧನೆಗಳ ನಡುವೆ ಸ್ತಂಭಶ್ರಮವೆಂಬುದೂ ಅಲ್ಲಿ ಬರುತ್ತದೆ. ಎಂದರೆ ಕಂಬವನ್ನಾಶ್ರಯಿಸಿ ಮಾಡುವ ವ್ಯಾಯಾಮ. ನಾನು ಅದನ್ನು ವಿದ್ವತ್ ತರಗತಿಯಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಗಳಿಸಿದ್ದೆ. ಆ ಕಂಬಕ್ಕೆ ಎಷ್ಟು ನೆಲ ಬೇಕಾದೀತೆಂದು ಯೋಚಿಸಿರಲಿಲ್ಲ.

ನಮ್ಮ ಅಂಗಳದ ಕೆಲಸ ಆರಂಭವಾದದ್ದು ೨೦೧೦ರ ಬೇಸಗೆ ರಜೆಯಲ್ಲಿ. ವ್ಯಾಯಾಮ ಶಿಕ್ಷಕರು, ನಮ್ಮ ಗಣಿತದ ಅಧ್ಯಾಪಕರು, ಮಠದ ರಥವನ್ನು ರಿಪೇರಿ ಮಾಡುವ ಬಡಗಿ ಆಚಾರ್ಯರು, ಸೇತುವೆಗಳ ಕೆಲಸದಲ್ಲಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಇಂಜಿನಿಯರರು, ಇಷ್ಟೇ ಜನ. ಹುರಿಯ ತುದಿ ಹಿಡಿಯುವುದಕ್ಕೆ ನಾನು.

ಮೊದಲನೆಯ ಪ್ರಶ್ನೆ ಓಟದ್ದು. ಉದ್ದಕ್ಕೆ ಓಡಿದರೆ ೮೦ ಅಡಿ, ಕೊನೆಯಲ್ಲಿ ಗೋಡೆ. ಗಣಿತದವರು ಸುಣ್ಣದ ಪುಡಿಯಲ್ಲಿ ಒಂದು ಮೂಲೆಯಿಂದ ಎದುರು ಮೂಲೆಗೆ ಗೆರೆಯೆಳೆದು, “ಪಂಡಿತರೇ, ಇದರ ಉದ್ದವೆಷ್ಟು?” ಎಂದರು. ೬೦ರ ವರ್ಗ, ೮೦ರ ವರ್ಗ, ಅವೆರಡರ ಮೊತ್ತದ ಮೂಲ: ಸರಿಯಾಗಿ ೧೦೦ ಅಡಿ. ಬೌಧಾಯನ ಶುಲ್ಬಸೂತ್ರದಷ್ಟು ಹಳೆಯ ಲೆಕ್ಕ ಇದು. ಹನ್ನೆರಡನೆಯ ಶತಮಾನದಲ್ಲಿ ನಮ್ಮ ರಾಜಾದಿತ್ಯನು ‘ಕ್ಷೇತ್ರಗಣಿತ’ವೆಂಬ ಹೆಸರಿನಿಂದಲೇ ಕನ್ನಡದಲ್ಲಿ ಗ್ರಂಥ ರಚಿಸಿದ್ದಾನೆಂದು ಮಕ್ಕಳಿಗೆ ಪ್ರತಿವರ್ಷ ಹೇಳುವವನು ನಾನು. ಆದರೂ ಕರ್ಣವೆಂದೊಡನೆ ನನಗೆ ಹೊಳೆಯುತ್ತಿದ್ದುದು ಮಹಾಭಾರತದ ಕರ್ಣನೇ ಹೊರತು ಅಂಗಳದ ಕರ್ಣವಲ್ಲ. ಗೋಡೆಯನ್ನು ಒಂದಂಗುಲವೂ ಸರಿಸದೆ ೨೦ ಅಡಿ ದೊರೆಯಿತು.

ಆ ೨೦ ಅಡಿಯನ್ನು ಓಟಕ್ಕೆ ಸೇರಿಸಬಾರದೆಂದು ವ್ಯಾಯಾಮ ಶಿಕ್ಷಕರು ಹಟ ಹಿಡಿದರು. ವೇಗ ಇಮ್ಮಡಿಯಾದರೆ ನಿಲ್ಲುವುದಕ್ಕೆ ಬೇಕಾಗುವ ದೂರ ನಾಲ್ಮಡಿಯಾಗುತ್ತದೆಂದು ಇಂಜಿನಿಯರರು ಕಾಗದದ ಮೇಲೆ ತೋರಿಸಿಕೊಟ್ಟರು. ಸೆಕೆಂಡಿಗೆ ೭ ಮೀಟರಿನಂತೆ ಓಡುವ ಹುಡುಗ ಕಾಲು ಜಾರದೆ, ಮಂಡಿಗೆ ಪೆಟ್ಟಾಗದೆ ನಿಲ್ಲಬೇಕಾದರೆ ೭ ಮೀಟರಾದರೂ, ಎಂದರೆ ಸುಮಾರು ೨೩ ಅಡಿಯಾದರೂ ಬೇಕು. ಮೂಲೆಗಳು ಇಕ್ಕಟ್ಟಾದುದರಿಂದ ೧೦೦ ಅಡಿಯೂ ಉಪಯೋಗಕ್ಕೆ ಬರುವುದಿಲ್ಲ. ೪ ಅಡಿ ಅಗಲದ ಓಟದ ಹಾದಿಗೆ ಆರಂಭದ ಮೂಲೆಯಲ್ಲಿ ೩ ಅಡಿ ನಷ್ಟ. ಕೊನೆಯಲ್ಲಿ ೯ ಅಡಿ ಅಗಲದ ಮರಳಿನ ಗುಂಡಿ ಮಾಡಬೇಕಾದರೆ ಅಲ್ಲಿ ೬ ಅಡಿ ನಷ್ಟ. ಗುಂಡಿಯ ಉದ್ದ ೧೮ ಅಡಿ. ಇವೆಲ್ಲವನ್ನೂ ಕಳೆದರೆ ಉಳಿಯುವ ಹಾದಿ ೭೩ ಅಡಿ. ಅದರಲ್ಲಿ ೫೦ ಅಡಿ ಬಿರುಸಾದ ಓಟ, ೨೩ ಅಡಿ ವೇಗ ತಗ್ಗಿಸುವುದಕ್ಕೆ. ತಡೆಯದೆ ಮುಂದೆ ಹೋದವನಿಗೆ ಮರಳು. ಅದನ್ನೂ ದಾಟಿದವನಿಗೆ ಮೂಲೆಯಲ್ಲಿ ತೆಂಗಿನ ನಾರು ತುಂಬಿ ಹೊಲಿದ ದಪ್ಪ ಹಾಸಿನ ಒರಗು. ಉದ್ದ ನೆಗೆತದ ದಿನ ಅದೇ ೭೩ ಅಡಿ ನೆಗೆತದ ಓಟದ ಹಾದಿಯಾಗುತ್ತದೆ. ಒಂದೇ ನೆಲ, ಎರಡು ಕೆಲಸ. ಆರಂಭದ ಗೆರೆಯನ್ನು ಗ್ರಂಥಾಲಯದ ಮೂಲೆಯಲ್ಲಿ ಹಾಕಿದರು. ಅಂದಿನಿಂದ ನಮ್ಮ ಮಕ್ಕಳು ಗ್ರಂಥಾಲಯಕ್ಕೆ ಬೆನ್ನುಮಾಡಿ ಓಡುತ್ತಾರೆ. ಕನ್ನಡ ಪಂಡಿತನಿಗೆ ಇದು ಒಪ್ಪತಕ್ಕ ನೋಟವಲ್ಲವಾದರೂ ಒಪ್ಪಿಕೊಂಡಿದ್ದೇನೆ.

ಭಾಮಿನಿ ಷಟ್ಪದಿಯ ಒಂದು ಪದ್ಯಕ್ಕೆ ೧೦೨ ಮಾತ್ರೆಗಳು. ಅದಕ್ಕಿಂತ ಒಂದು ಮಾತ್ರೆ ಹೆಚ್ಚು ಬೇಡಿದರೂ ಛಂದಸ್ಸು ಕೊಡುವುದಿಲ್ಲ. ಕುಮಾರವ್ಯಾಸನು ಅಷ್ಟು ನೆಲದಲ್ಲಿಯೇ ಕುರುಕ್ಷೇತ್ರವನ್ನು ಹೂಡಿದನು. ಈ ಹೋಲಿಕೆಯನ್ನು ನಾನು ಉತ್ಸಾಹದಿಂದ ಹೇಳಿದಾಗ ಆಚಾರ್ಯರು, “ಅದೆಲ್ಲ ಸರಿ ಸ್ವಾಮಿ, ಜಾತ್ರೆ ದಿನ ಈ ಗುಂಡಿ ಏನು ಮಾಡ್ತೀರಿ?” ಎಂದರು.

ನಿಜವಾದ ತೊಡಕು ಅಲ್ಲಿಯೇ ಇತ್ತು. ಜಾತ್ರೆಯ ಮೂರು ದಿನವೂ ದಾಸೋಹದ ಪಂಕ್ತಿ ಸಾಗುವುದು ಅದೇ ಅಂಗಳದಲ್ಲಿ. ಸಾವಿರಾರು ಜನ ಬಂದು ಕೂರುವ ನೆಲದಲ್ಲಿ ಎಡವುವಂಥದು ಯಾವುದೂ ಇರಕೂಡದು. ಆದುದರಿಂದ ಅಲ್ಲಿ ಮಾಡುವುದೆಲ್ಲವೂ ಒಂದು ಬೆಳಗಿನಲ್ಲಿ ತೆಗೆಯುವಂತಿರಬೇಕು, ಇನ್ನೊಂದು ಬೆಳಗಿನಲ್ಲಿ ನಿಲ್ಲಿಸುವಂತಿರಬೇಕು. ಗುಂಡಿಯ ಮೇಲೆ ನೆಲಕ್ಕೆ ಸಮನಾಗಿ ಕೂರುವ ಹಲಗೆಗಳನ್ನು ಆಚಾರ್ಯರು ಸುಲಭವಾಗಿಯೇ ಮಾಡಿಕೊಟ್ಟರು. ಕಷ್ಟವಾದದ್ದು ಮಲ್ಲಕಂಬ.

ಮಲ್ಲಕಂಬವನ್ನು ನೋಡದ ವಾಚಕರಿಗಾಗಿ ಎರಡು ಮಾತು. ನೆಲದಿಂದ ಸುಮಾರು ಎಂಟೂವರೆ ಅಡಿ ಎತ್ತರದ, ಬುಡದಲ್ಲಿ ದಪ್ಪವಾಗಿ ಮೇಲೆ ಮೇಲೆ ಸಪುರವಾಗುತ್ತ ಹೋಗಿ ಕುತ್ತಿಗೆಯೂ ಗುಂಡು ತಲೆಯೂ ಇರುವ ಮರದ ಕಂಬ. ತೇಗ ಅಥವಾ ಬೀಟೆಯಂಥ ಗಟ್ಟಿಮರ ಬೇಕು. ಹರಳೆಣ್ಣೆ ಸವರಿ ನುಣುಪುಮಾಡಿದ ಆ ಕಂಬದ ಮೇಲೆ ಮಕ್ಕಳು ಆಸನಗಳನ್ನು ಹಾಕುತ್ತಾರೆ. ಮಲ್ಲರ ಸಾಧನೆಗೆಂದು ಹುಟ್ಟಿದ ಈ ವಿದ್ಯೆಗೆ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಎರಡನೆಯ ಬಾಜೀರಾಯ ಪೇಶ್ವೆಯ ಕಾಲದ ಬಾಳಂಭಟ್ಟ ದೇವಧರರು ಮರುಜೀವ ಕೊಟ್ಟರು. ಬೆತ್ತದ ಮೇಲೆ ಮಾಡುವ ಬಗೆಯೊಂದಿತ್ತು. ತಕ್ಕ ಬೆತ್ತ ದುರ್ಲಭವಾದಾಗ ಹಗ್ಗ ಆ ಸ್ಥಾನಕ್ಕೆ ಬಂದಿತು. ಇಕ್ಕಟ್ಟಿನ ನೆಲಕ್ಕೆ ಇದಕ್ಕಿಂತ ತಕ್ಕ ವ್ಯಾಯಾಮವನ್ನು ನಾನು ಕಾಣೆ. ಉದ್ದಗಲಗಳಿಲ್ಲದ ಕಡೆ ಎತ್ತರವನ್ನು ಬಳಸಿಕೊಳ್ಳುವ ಉಪಾಯ ಅದು. ಕಂಬದ ಸುತ್ತ ಆರಾರು ಅಡಿ ಮೆತ್ತನೆಯ ಹಾಸಿದ್ದರಾಯಿತು.

ಕಂಬವನ್ನು ಕಾಂಕ್ರೀಟಿನಲ್ಲಿ ಹೂತುಬಿಟ್ಟರೆ ಜಾತ್ರೆಗೆ ಅಡ್ಡಿ. ಹೂಳದೆ ನಿಲ್ಲಿಸಿದರೆ ಅಪಾಯ. ತುದಿಯಲ್ಲಿ ಹುಡುಗ ತೂಗಿದಾಗ ಕಂಬವು ಸನ್ನೆಗೋಲಿನಂತೆ ಬುಡವನ್ನು ಮೀಟುತ್ತದೆ. ೩ ಅಡಿ ಆಳಕ್ಕೆ ಕಬ್ಬಿಣದ ಕೊಳವೆಯನ್ನು ಕಾಂಕ್ರೀಟಿನಲ್ಲಿ ಕೂರಿಸಿ ಕಂಬವನ್ನು ಅದರೊಳಗೆ ಇಳಿಸೋಣವೆಂದು ಇಂಜಿನಿಯರರು ಸೂಚಿಸಿದರು. ಆಚಾರ್ಯರು ಕೊಳವೆಗೆ ಕೂದಲೆಳೆಯಷ್ಟೂ ಸಂದಿಯಿಲ್ಲದಂತೆ ಬುಡವನ್ನು ಕೆತ್ತಿ ಇಳಿಸಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮಳೆಗಾಲ ಬಂದಿತು. ಕೊಳವೆಯಲ್ಲಿ ನೀರು ನಿಂತು ಮರ ಉಬ್ಬಿತು. ಜಾತ್ರೆಯ ಹಿಂದಿನ ದಿನ ಹನ್ನೆರಡು ಜನ ಹಿಡಿದೆಳೆದರೂ ಕಂಬ ಜಗ್ಗಲಿಲ್ಲ. ಆ ವರ್ಷ ಪಂಕ್ತಿಯ ನಡುವೆ ಮಲ್ಲಕಂಬ ನಿಂತೇ ಇತ್ತು; ಅದಕ್ಕೆ ಮಾವಿನ ತೋರಣ ಕಟ್ಟಿ, ಬೇಕೆಂದೇ ನಿಲ್ಲಿಸಿದ್ದೆಂಬ ಹಾಗೆ ನಾವು ಓಡಾಡಿದೆವು. ಶ್ರೀಗಳವರು ನೋಡಿ ನಕ್ಕರು, ಏನೂ ಅಪ್ಪಣೆ ಕೊಡಿಸಲಿಲ್ಲ.

ಮರುವರ್ಷ ಕೊಳವೆಯ ತಳಕ್ಕೆ ರಂಧ್ರಗಳನ್ನು ಕೊರೆದು ಕೆಳಗೆ ಜಲ್ಲಿ ತುಂಬಿದರು, ನೀರು ಇಂಗಿಹೋಗತೊಡಗಿತು. ಬುಡವನ್ನು ಅರ್ಧ ಅಂಗುಲ ಸಪುರಮಾಡಿ ನಾಲ್ಕು ದಿಕ್ಕಿಗೂ ನಾಲ್ಕು ಮರದ ಬೆಣೆ ಬಡಿದರು. ಬೆಣೆ ಕಿತ್ತರೆ ಇಬ್ಬರು ಎತ್ತಬಹುದು. ಬಡಿದರೆ ಆನೆ ಉಜ್ಜಿದರೂ ಅಲುಗದು. ಕಂಬ ತೆಗೆದ ದಿನ ಕೊಳವೆಗೆ ನೆಲಮಟ್ಟದ ಮುಚ್ಚಳ. ಸರಿಯಾಗಿ ಸೇರಿಕೊಳ್ಳುವುದಕ್ಕೆ ಒಂದಿಷ್ಟು ಸಡಿಲವಿರಬೇಕೆಂಬುದನ್ನು ರಥದ ಅಚ್ಚು ಕೂರಿಸುವ ತಾನು ಮರೆಯಬಾರದಾಗಿತ್ತೆಂದು ಆಚಾರ್ಯರು ಬಹಳ ದಿನ ಹೇಳಿಕೊಳ್ಳುತ್ತಿದ್ದರು.

ಮೂರನೆಯದು ಗ್ರಂಥಾಲಯದ ಗೋಡೆ. ಅದರ ಮೇಲೆ ಬ್ಯಾಸ್ಕೆಟ್‌ಬಾಲಿನ ಬಳೆ ಹಾಕಬೇಕೆಂದಾಗ ನಾನು ಹಿಂಜರಿದದ್ದು ನಿಜ. ಆ ಆಟದ ಚರಿತ್ರೆಯನ್ನು ವ್ಯಾಯಾಮ ಶಿಕ್ಷಕರು ಹೇಳಿದ ಮೇಲೆ ಮನಸ್ಸು ತಿರುಗಿತು. ೧೮೯೧ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ತರಬೇತಿ ಶಾಲೆಯಲ್ಲಿ ಚಳಿಗಾಲದ ದೆಸೆಯಿಂದ ಒಳಗೇ ಕೂಡಿಹಾಕಲ್ಪಟ್ಟಿದ್ದ ೧೮ ತರುಣರಿಗಾಗಿ ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕರು ಅದನ್ನು ಕಲ್ಪಿಸಿದರು. ಬಯಲಿನ ಆಟಗಳನ್ನು ಕೋಣೆಯೊಳಗೆ ಆಡಿಸಿ ನೋಡಿದರೆ ಪೆಟ್ಟುಗಳೇ ಹೆಚ್ಚಾದವು. ಆಗ ಅವರು ಆಟವನ್ನೇ ಕೋಣೆಯ ಅಳತೆಗೆ ಹೊಲಿದರು. ಚೆಂಡು ಹಿಡಿದು ಓಡಕೂಡದೆಂದರು. ಓಡದವನನ್ನು ಕೆಡಹುವ ಅಗತ್ಯವೇ ಇಲ್ಲವಾಯಿತು. ಗುರಿಯನ್ನು ತಲೆಯ ಮೇಲೆ ಮಟ್ಟಸವಾಗಿಟ್ಟರು. ಬಲದಿಂದ ಎಸೆದ ಚೆಂಡು ಅದರೊಳಗೆ ಬೀಳುವುದಿಲ್ಲ, ಕಮಾನಿನಂತೆ ಮೆಲ್ಲಗೆ ಎಸೆಯಲೇಬೇಕು. ಅಲ್ಲಿನ ಉಪ್ಪರಿಗೆಯ ಕಟಾಂಜನ ೧೦ ಅಡಿ ಎತ್ತರದಲ್ಲಿದ್ದುದರಿಂದ ಹಣ್ಣಿನ ಬುಟ್ಟಿಗಳನ್ನು ಅದಕ್ಕೇ ಮೊಳೆ ಹೊಡೆದರು. ಇಂದಿಗೂ ಲೋಕದಾದ್ಯಂತ ಬಳೆಯ ಎತ್ತರ ೧೦ ಅಡಿಯೇ. ಒಂದು ಕಟ್ಟಡದ ಕಟಾಂಜನ ಒಂದು ಆಟದ ಶಾಸ್ತ್ರವಾಗಿ ನಿಂತಿತು!

ಬಳೆಯನ್ನು ಗೋಡೆಗೆ ಅಂಟಿಸಿ ಹಾಕುವಂತಿರಲಿಲ್ಲ. ಚೆಂಡಿನೊಂದಿಗೆ ನೆಗೆದವನು ಇಳಿದು ನಿಲ್ಲಬೇಕಲ್ಲ. ಮತ್ತೆ ಅದೇ ಪ್ರಶ್ನೆ. ಹಲಗೆ ಗೋಡೆಯಿಂದ ೪ ಅಡಿ ಮುಂದಿರಬೇಕೆಂದು ತೀರ್ಮಾನವಾಯಿತು. ಅದಕ್ಕೆ ಕಬ್ಬಿಣದ ಎರಡು ತೋಳುಗಳು, ಜಾತ್ರೆಗೆ ಗೋಡೆಯತ್ತ ಮಡಿಸಲು ತಿರುಗಣಿ. ತೋಳು ಉದ್ದವಾದಷ್ಟೂ ಮೇಲಿನ ಬೋಲ್ಟುಗಳನ್ನು ಗೋಡೆಯಿಂದ ಕೀಳುವ ಎಳೆತ ಹೆಚ್ಚು. ೯ ಅಂಗುಲದ ಇಟ್ಟಿಗೆ ಗೋಡೆ ಬರಿಯ ಮೊಳೆಯಿಂದ ಅದನ್ನು ತಾಳದು. ಬೋಲ್ಟುಗಳು ಗೋಡೆಯನ್ನು ತೂರಿ ಒಳಗೆ ಬಂದು ಅಲ್ಲೊಂದು ಅಗಲವಾದ ಕಬ್ಬಿಣದ ತಗಡಿಗೆ ಬಿಗಿಯಬೇಕು. ಆ ತಗಡು ಬರುವ ಸ್ಥಳ ಹಳಗನ್ನಡ ಕಾವ್ಯಗಳ ಕಪಾಟಿನ ಹಿಂಭಾಗ. ಕಪಾಟನ್ನು ಮುಂದಕ್ಕೆ ಎಳೆದು ನಾನೇ ಪುಸ್ತಕಗಳನ್ನು ಇಳಿಸಿಕೊಟ್ಟೆ. ಈಗಲೂ ಸಂಜೆ ಹಲಗೆಗೆ ಚೆಂಡು ಬಡಿದಾಗಲೆಲ್ಲ ಪಂಪ ರನ್ನರ ಸಂಪುಟಗಳು ಸಣ್ಣಗೆ ನಡುಗುತ್ತವೆ. ಓದುವವರಿಗೆ ಅಡಚಣೆಯೆಂದು ನಾಲ್ಕೂವರೆಯವರೆಗೆ ಚೆಂಡು ಬಾರದೆಂಬ ಕರಾರು ಮಾಡಿಕೊಂಡಿದ್ದೇವೆ. ಅದು ಮುರಿಯದ ವಾರವಿಲ್ಲ.

ನಮ್ಮ ನಾಡಿನ ಪ್ರಕಾಶ್ ಪಡುಕೋಣೆಯವರು ಬ್ಯಾಡ್ಮಿಂಟನ್ ಕಲಿತದ್ದು ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆಯ ಸಭಾಂಗಣದಲ್ಲಿ. ಮದುವೆಯಿದ್ದ ದಿನ ಆಟವಿಲ್ಲ. ಆ ಸಭಾಂಗಣದಿಂದ ಹೊರಟವರು ೧೯೮೦ರಲ್ಲಿ ಇಂಡೋನೇಷ್ಯದ ಲಿಯೆಮ್ ಸ್ವೀ ಕಿಂಗ್‌ರನ್ನು ಸೋಲಿಸಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದರು. ಜಾತ್ರೆಗೆಂದು ಬಳೆಯನ್ನು ಮಡಿಸುವಾಗ ಮುಖ ಸಣ್ಣದು ಮಾಡಿಕೊಳ್ಳುವ ಮಕ್ಕಳಿಗೆ ನಾವು ಇದನ್ನು ಹೇಳುತ್ತೇವೆ. ಆದರೆ ಇಂಥ ನಿದರ್ಶನವನ್ನು ಹಿಡಿದು ಮಕ್ಕಳಿಗೆ ಬಯಲೇ ಬೇಡವೆಂದು ವಾದಿಸುವವರನ್ನೂ ನಾನು ಕಂಡಿದ್ದೇನೆ. ಅದು ಅನ್ಯಾಯ. ನಮ್ಮ ಅಂಗಳದಲ್ಲಿ ಭರ್ಜಿ ಎಸೆಯಲಾಗದು, ಚಕ್ರ ಎಸೆಯಲಾಗದು, ೪೦೦ ಮೀಟರಿನ ಓಟವಂತೂ ಕನಸು. ಶನಿವಾರಗಳಂದು ಮಕ್ಕಳನ್ನು ತಾಲ್ಲೂಕು ಕ್ರೀಡಾಂಗಣಕ್ಕೆ ಕರೆದೊಯ್ಯುವ ವ್ಯವಸ್ಥೆ ಅದಕ್ಕಾಗಿಯೇ ಇದೆ. ಕಳೆದುಹೋದ ಬಯಲಿಗೆ ಯಾವ ಉಪಾಯವೂ ಪೂರ್ತಿ ಸಾಟಿಯಲ್ಲ. ಕಳೆದವನೇ ಹೇಳುತ್ತಿದ್ದೇನೆ.

ವ್ಯಾಯಾಮ ಶಿಕ್ಷಕರು ೨೦೧೯ರಲ್ಲಿ ನಿವೃತ್ತರಾದರು. ಬೀಳ್ಕೊಡುಗೆಯ ಸಭೆಯಲ್ಲಿ ಅವರಿಗೆ ಶಾಲು ಹೊದಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಸಭೆ ಮುಗಿದ ಮೇಲೆ ಗಂಟಿನ ಹುರಿಯನ್ನು ನನ್ನ ಕೈಗಿತ್ತು, “ಇದು ಗ್ರಂಥಾಲಯದಲ್ಲಿರಲಿ,” ಎಂದರು. ಮುರಿದ ಮಣಿಕಟ್ಟಿನ ಹುಡುಗ ಈಗ ಸಂಸಾರಸ್ಥ. ಹೋದ ವರ್ಷ ತನ್ನ ಮಗಳನ್ನು ನಮ್ಮ ಶಾಲೆಗೇ ಸೇರಿಸಿದ್ದಾನೆ.

ಈಗ ಈ ಲೇಖನವನ್ನು ಬರೆಯುವುದಕ್ಕೆ ಕಾರಣವಾದ ಸಂಗತಿಗೆ ಬರುತ್ತೇನೆ. ದಾಸೋಹಕ್ಕೆ ಬರುವ ಭಕ್ತರಿಗೆ ಬಿಸಿಲು ಮಳೆ ತಗುಲದಂತೆ ಅಂಗಳಕ್ಕೆ ಮಾಡು ಹಾಕಿಸಬೇಕೆಂದು ದಾನಿಗಳು ಮುಂದೆ ಬಂದಿದ್ದಾರೆ. ಇದು ಸಂತೋಷದ ವಿಚಾರ. ಮಾನ್ಯ ಕಾರ್ಯದರ್ಶಿಗಳು ನಕ್ಷೆಯನ್ನು ಗ್ರಂಥಾಲಯದ ಮೇಜಿನ ಮೇಲೆ ಹರಡಿ ನನ್ನ ಅಭಿಪ್ರಾಯ ಕೇಳಿದರು. ನಾನು ಕಪಾಟಿನಿಂದ ಹುರಿಯನ್ನು ತೆಗೆದುಕೊಂಡು ಅಂಗಳಕ್ಕೆ ಹೋದೆ. ನಕ್ಷೆಯಲ್ಲಿ ಮಾಡಿನ ನಡುಗಂಬ ಒಂದು ಗೋಡೆಯಿಂದ ೪೦ ಅಡಿ, ಇನ್ನೊಂದರಿಂದ ೩೦ ಅಡಿಯಲ್ಲಿದೆ. ಅದು ಕರ್ಣದ ನಟ್ಟನಡುವೆ, ಮಕ್ಕಳು ಪೂರ್ಣ ವೇಗದಲ್ಲಿರುವ ಸ್ಥಳದಲ್ಲಿ ಬರುತ್ತದೆ. ಕಾರ್ಯದರ್ಶಿಗಳ ಕೋರಿಕೆಯಂತೆ ನನ್ನ ಅಭಿಪ್ರಾಯವನ್ನು ಬರೆದು ರುಜುಮಾಡಿ ಕೊಟ್ಟಿದ್ದೇನೆ: ಆ ಕಂಬ ಕರ್ಣರೇಖೆಯಿಂದ ಪಕ್ಕಕ್ಕೆ ೧೦ ಅಡಿಯಾದರೂ ಸರಿಯಬೇಕು, ಸರಿದ ಕಂಬಕ್ಕೆ ಆಳೆತ್ತರದವರೆಗೆ ನಾರಿನ ಹಾಸು ಸುತ್ತಬೇಕು, ಮಲ್ಲಕಂಬದ ಮೂಲೆಯ ಮೇಲೆ ಹಾದುಹೋಗುವ ತೊಲೆಗೆ, ಹಗ್ಗದ ಮಲ್ಲಕಂಬವನ್ನು ತೂಗುಹಾಕಲು ತಕ್ಕಷ್ಟು ಗಟ್ಟಿಯಾದ ಕೊಂಡಿಯೊಂದನ್ನು ಕಾಂಕ್ರೀಟು ಹಾಕುವಾಗಲೇ ಕೂರಿಸಬೇಕು. ಇವೆರಡಕ್ಕೂ ತಗಲುವ ಹೆಚ್ಚಿನ ವೆಚ್ಚಕ್ಕೆ ನನ್ನ ಒಂದು ತಿಂಗಳ ವೇತನವನ್ನು ಸೇರಿಸಿಕೊಳ್ಳಬೇಕೆಂದು ಪ್ರಾರ್ಥಿಸಿದ್ದೇನೆ. ನಕ್ಷೆ ತಿದ್ದುಪಡಿಗಾಗಿ ಇಂಜಿನಿಯರರ ಬಳಿಗೆ ಹೋಗಿದೆ.